ಅಡಿಕೆ ಅಂಗಡಿ, ಜವಳಿ, ಬಸ್ಸು, ಎಣ್ಣೆ ಮಿಲ್ಲು, ಲಾಡ್ಜು: ಹಲವು ವ್ಯಾಪಾರದ ಸಂಸ್ಥೆಯಲ್ಲಿ ಎಚ್‌ಆರ್ ಏನು ಮಾಡಬೇಕು?

ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಎಚ್‌ಆರ್ ಆಗಿ ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ಧನಿಗಳು ಒಂದು ದಿನ ಚಾ ಕುಡಿಯುತ್ತಾ ಕೇಳಿದರು. "ಸಂಬಳ ಹಂಚಲಿಕ್ಕೆ ಕ್ಲಾರ್ಕ್ ಉಂಟು. ಪಿಎಫ್ ನೋಡಲಿಕ್ಕೆ ಆಡಿಟರ ಆಫೀಸು ಉಂಟು. ಜನ ಬೇಕಾದರೆ ಮ್ಯಾನೇಜರುಗಳೇ ಕರಕೊಂಡು ಬರ್ತಾರೆ. ಮತ್ತೆ ನೀವು ಎಂತ ಮಾಡ್ತೀರಿ ಮಾರಾಯ್ರೇ?"

ತಮಾಷೆಗೆ ಕೇಳಿದ್ದಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಡಿಕೆ ಅಂಗಡಿಯಿಂದ ಶುರುವಾದ ವ್ಯಾಪಾರ ಅದು. ಆಮೇಲೆ ಕಾಸರಗೋಡು ಪೇಟೆಯಲ್ಲಿ ಜವಳಿ ಅಂಗಡಿ ಬಂತು. ನಾಲ್ಕು ಬಸ್ಸು ಬಂತು. ಕುಂಬಳೆ ಹತ್ತಿರ ತೆಂಗಿನೆಣ್ಣೆ ಮಿಲ್ಲು, ಕಾಞಂಗಾಡಿನಲ್ಲಿ ಲಾಡ್ಜು. ಕೊನೆಗೆ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಒಂದು ಶಾಖೆ. ನಮ್ಮ ಜಿಲ್ಲೆಯಲ್ಲಿ ಹೀಗೆ ಬೆಳೆದ ಮನೆಗಳು ಬಹಳ. ಎಚ್‌ಆರ್ ಅಂತ ಒಬ್ಬರನ್ನು ನೇಮಿಸುವುದು ಈಗ ಶುರುವಾಗಿದೆ. ಆ ಕುರ್ಚಿಯಲ್ಲಿ ಕೂತವರಿಗೆ, ಕೂರಿಸಿದ ಧನಿಗಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ

ಮೈಕೆಲ್ ಪೋರ್ಟರ್ ಎಂಬ ಹಾರ್ವರ್ಡ್ ಪ್ರಾಧ್ಯಾಪಕರು ಅಮೆರಿಕದ 33 ದೊಡ್ಡ ಕಂಪನಿಗಳ 1950ರಿಂದ 1986ರವರೆಗಿನ ಲೆಕ್ಕ ತೆಗೆದು ನೋಡಿದ್ದರು. ಹಲವು ವ್ಯಾಪಾರಕ್ಕೆ ಕೈ ಹಾಕಿದ ಆ ಕಂಪನಿಗಳಲ್ಲಿ ಹೆಚ್ಚಿನವು ಕೊಂಡ ವ್ಯಾಪಾರಗಳಲ್ಲಿ ಉಳಿಸಿಕೊಂಡದ್ದಕ್ಕಿಂತ ಬಿಟ್ಟುಕೊಟ್ಟದ್ದೇ ಜಾಸ್ತಿ. 1987ರಲ್ಲಿ ಇದನ್ನು ಬರೆಯುವಾಗ ಅವರು ಒಂದು ಪರೀಕ್ಷೆ ಮುಂದಿಟ್ಟರು. ಈ ವ್ಯಾಪಾರ ಒಂಟಿಯಾಗಿ ಇರುವುದಕ್ಕಿಂತ ಈ ಗುಂಪಿನೊಳಗೆ ಇದ್ದರೆ ಅದಕ್ಕೇನು ಲಾಭ?

ಎಚ್‌ಆರ್‌ಗೂ ಇದೇ ಪ್ರಶ್ನೆ ಸಾಕು. ಬಸ್ಸಿನ ಮ್ಯಾನೇಜರಿಗೆ ಒಬ್ಬ ಡ್ರೈವರ್ ಬೇಕಾದರೆ ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಹೇಳಿದರೆ ಆಯಿತು. ಅದಕ್ಕೆ ನೀವು ಬೇಡ. ಅವರು ಒಬ್ಬರೇ ಇದ್ದರೆ ಸಿಗದ ಯಾವುದನ್ನು ನೀವು ಕೊಡುತ್ತೀರಿ? ಸಂಬಳದ ಪಟ್ಟಿ, ರಜೆ ಚೀಟಿ, ಬಯೋಮೆಟ್ರಿಕ್ ಯಂತ್ರ ಇವೆಲ್ಲ ಬೇಕೇ ಬೇಕು. ಆದರೆ ಅದು ಉತ್ತರ ಅಲ್ಲ.

ನಮ್ಮ ಕಡೆಯ ಉದಾಹರಣೆಯೇ ಇದೆ ನೋಡಿ. ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರಿಗಾಗಿ. ತೋಟದ ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. ಅಡಿಕೆಗೂ ಚಾಕೊಲೇಟಿಗೂ ಏನು ಸಂಬಂಧ ಅಂತ ಕೇಳಬಹುದು. ಯಂತ್ರ ಬೇರೆ, ಕೊಳ್ಳುವ ಗಿರಾಕಿ ಬೇರೆ. ಆದರೆ ಮಾಲು ತರುವ ಬೆಳೆಗಾರ ಅದೇ. ಅವನ ಹತ್ತಿರ ಮಾತಾಡಿ, ಮಾಲು ನೋಡಿ, ತೂಗಿ ಕೊಳ್ಳುವ ಅಭ್ಯಾಸವೂ ಅದೇ. ಒಂದು ವ್ಯಾಪಾರದಲ್ಲಿ ಕಲಿತದ್ದು ಇನ್ನೊಂದಕ್ಕೆ ದಾಟಿತು. ಎಚ್‌ಆರ್ ಹುಡುಕಬೇಕಾದದ್ದು ಇಂಥ ದಾಟುವ ಜಾಗಗಳನ್ನೇ.

ಒಂದನೇ ಕೆಲಸ: ಪ್ರತಿ ಕಡೆ ಒಂದು ವಾರ ಕೂತು ನೋಡಿ

ಪ್ರಶ್ನಾವಳಿ ಹಂಚಬೇಡಿ. ಯಾರೂ ನಿಜ ಬರೆಯುವುದಿಲ್ಲ. ಅಡಿಕೆ ಗೋಡೌನಿನಲ್ಲಿ ಗಾರ್ಬಲ್, ಅಂದರೆ ಅಡಿಕೆ ವಿಂಗಡಣೆ, ಮಾಡುವ ಹೆಂಗಸರ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿ. ಬೆಳಗ್ಗಿನ ಮೊದಲ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಹೋಗಿ. ಲಾಡ್ಜಿನಲ್ಲಿ ಒಂದು ರಾತ್ರಿ ಪಾಳಿ ಮಾಡಿ. ಒಂದೇ ಒಂದು ನೋಟ್‌ಬುಕ್ ಸಾಕು. ಎಡಬದಿಯಲ್ಲಿ "ಇಲ್ಲಿ ಏನು ತೊಂದರೆ", ಬಲಬದಿಯಲ್ಲಿ "ಇಲ್ಲಿ ಏನು ಚೆನ್ನಾಗಿ ಗೊತ್ತು".

ನಾನು ಬಲಬದಿಯಲ್ಲಿ ಬರೆದ ಮೊದಲ ಸಾಲು ಗಾರ್ಬಲಿನದ್ದು. ಇಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬ ಅಕ್ಕ ಅಡಿಕೆಯನ್ನು ಮುಷ್ಟಿಯಲ್ಲಿ ತೆಗೆದು ನೋಡುವಷ್ಟರಲ್ಲಿ ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕೋಕ ಯಾವುದು ಅಂತ ದರ್ಜೆ ದರ್ಜೆಯಾಗಿ ಬೇರೆ ಮಾಡುತ್ತಿದ್ದರು. ಅವರಿಗೆ ಇನ್ನು ಎರಡು ವರ್ಷಕ್ಕೆ ಕೆಲಸ ಬಿಡುವ ಯೋಚನೆ. ಅವರ ಕಣ್ಣಿನಲ್ಲಿರುವ ವಿದ್ಯೆ ಯಾವ ಕಡತದಲ್ಲಿಯೂ ಇರಲಿಲ್ಲ. ಅದೇ ಹೊತ್ತಿಗೆ ಎಣ್ಣೆ ಮಿಲ್ಲಿನವರು ಕಾಳುಮೆಣಸು ಪ್ಯಾಕ್ ಮಾಡಲು ಹೊರಟು, ಮಾಲು ವಿಂಗಡಿಸಲು ಜನ ಸಿಗದೆ ಒದ್ದಾಡುತ್ತಿದ್ದರು. ಎರಡೂ ಕಡೆಯ ಮ್ಯಾನೇಜರುಗಳು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ಆದರೂ ಈ ಮಾತು ಅಲ್ಲಿ ಬಂದಿರಲಿಲ್ಲ. ಆ ಅಕ್ಕನನ್ನು ವಾರಕ್ಕೆ ಎರಡು ದಿನ ಮಿಲ್ಲಿಗೆ ಕಳಿಸಿದೆವು. ಕಲಿಸುವ ದಿನಕ್ಕೆ ಬೇರೆ ಸಂಬಳ, ಹೋಗಿ ಬರಲು ಗಾಡಿ. ಮೆಣಸು ಅಡಿಕೆ ಅಲ್ಲ, ನಿಜ. ಆದರೆ ಕೈಯಲ್ಲಿ ಹಿಡಿದು ಬೇರೆ ಮಾಡುವ ಪದ್ಧತಿ, ದಿನಕ್ಕೆ ಎಷ್ಟು ಆಗುತ್ತದೆ ಎಂಬ ಅಂದಾಜು, ಹೊಸಬರು ಎಲ್ಲಿ ತಪ್ಪುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಎರಡನೇದು: ಯಾರಿಗೆ ಏನು ಗೊತ್ತು, ಬರೆದಿಡಿ

ಅರ್ಜಿಯಲ್ಲಿ ಇರುವುದು ಎಸ್‌ಎಸ್‌ಎಲ್‌ಸಿ ಅಂಕ, ಅಪ್ಪನ ಹೆಸರು. ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಹೋಗಿ ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಅಲ್ಲಿ ಸ್ಟೋರ್ ಕೀಪರ್ ಆಗಿದ್ದವರು ಇಲ್ಲಿ ಬಸ್ಸಿನ ಟಿಕೆಟ್ ಹರಿಯುತ್ತಿರುತ್ತಾರೆ.

ಒಮ್ಮೆ ಲಾಡ್ಜಿನಲ್ಲಿ ಎಸಿ ಪೂರ್ತಿ ನಿಂತಿತು. ಎಲ್ಲ ರೂಮು ಮದುವೆ ಪಾರ್ಟಿಗೆ ಕೊಟ್ಟಾಗಿದೆ. ಮೆಕ್ಯಾನಿಕ್ ನಾಳಿದ್ದು ಬರುತ್ತಾನಂತೆ. ನಮ್ಮದೇ ಬಸ್ಸಿನ ಕಂಡಕ್ಟರೊಬ್ಬರು ಒಂಬತ್ತು ವರ್ಷ ದುಬಾಯಿಯಲ್ಲಿ ಎಸಿ ರಿಪೇರಿಯನ್ನೇ ಮಾಡಿದವರು ಅಂತ ಗೊತ್ತಾದದ್ದು ಮದುವೆ ಎಲ್ಲ ಮುಗಿದ ಮೇಲೆ! "ನನ್ನಲ್ಲಿ ಯಾರೂ ಕೇಳಲಿಲ್ಲ ಅಲ್ವಾ ಸರ್" ಅಂದರು.

ಆ ಮೇಲೆ ಒಂದು ಪುಸ್ತಕ ಮಾಡಿದೆವು. ಈಗ ಅದು ಎಕ್ಸೆಲ್ ಹಾಳೆ. ಅದರಲ್ಲಿ ಮೊದಲು ಏನೇನು ಕೆಲಸ ಮಾಡಿದ್ದಾರೆ, ಎಲ್ಲಿ ಎಂಬುದಿದೆ. ಯಾವ ಲೈಸೆನ್ಸ್ ಇದೆ ಎಂಬುದಿದೆ. ಭಾಷೆಗೆ ಮೂರು ಕಾಲಂ ಇದೆ: ಮಾತಾಡಲು, ಓದಲು, ಬರೆಯಲು. ಕಾಸರಗೋಡಿನಲ್ಲಿ ಇದು ತುಂಬಾ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿ ಮಲಯಾಳ ಸರಾಗವಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಬ್ಯಾರಿ, ತುಳು, ಕೊಂಕಣಿ ಮಾತಾಡುವವರು ಕೌಂಟರಿನಲ್ಲಿದ್ದರೆ ಗಿರಾಕಿ ಇನ್ನೊಂದು ಸೀರೆ ಬಿಚ್ಚಿಸಿ ನೋಡುತ್ತಾರೆ.

ಜಾತಿ, ಧರ್ಮದ ಕಾಲಂ ಹಾಕಬೇಡಿ. ಯಾರೋ ಹಾಕಿ ಅಂತ ಹೇಳಿಯೇ ಹೇಳುತ್ತಾರೆ. ಬೇಡ. ಹಬ್ಬದ ರಜೆ ಯಾವಾಗ ಬೇಕು ಅಂತ ಕೇಳಿದರೆ ಬೇಕಾದಷ್ಟು ತಿಳಿಯುತ್ತದೆ.

ಮೂರನೇದು: ವರ್ಷದ ಕ್ಯಾಲೆಂಡರ್

ಹಲವು ವ್ಯಾಪಾರ ಇರುವ ಮನೆಗೆ ಎಚ್‌ಆರ್ ಕೊಡಬಹುದಾದ ಅತ್ಯಂತ ದೊಡ್ಡ ಲಾಭ ಇಲ್ಲಿದೆ ಅಂತ ನನ್ನ ಲೆಕ್ಕ. ಒಂದು ಕಡೆ ಕೆಲಸ ಇಲ್ಲದೆ ಕೂತಿರುವಾಗ ಇನ್ನೊಂದು ಕಡೆ ಕೈ ಸಾಲುವುದಿಲ್ಲ. ಒಂಟಿ ಅಂಗಡಿಗೆ ಇದಕ್ಕೆ ಮದ್ದಿಲ್ಲ. ಗುಂಪಿಗೆ ಇದೆ.

ದೊಡ್ಡ ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳು ಬರೆಯಿರಿ. ಪ್ರತಿ ವ್ಯಾಪಾರಕ್ಕೆ ಒಂದು ಸಾಲು. ಕೇರಳದಲ್ಲಿ ಶಾಲೆ ಶುರುವಾಗುವುದು ಜೂನ್ ಮೊದಲಿಗೆ. ಹಾಗಾಗಿ ಮೇ ಕೊನೆಯ ಎರಡು ವಾರ ಜವಳಿ ಅಂಗಡಿಯಲ್ಲಿ ಯೂನಿಫಾರಂ ಗಲಾಟೆ. ಏಪ್ರಿಲ್, ಮೇ ಮದುವೆ. ಚಿಂಗಂ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಓಣಂ. ಪೆರ್ನಾಲ್ (ಈದ್) ಒಂದೇ ಕಡೆ ನಿಲ್ಲುವುದಿಲ್ಲ, ವರ್ಷಕ್ಕೆ 10–11 ದಿನ ಹಿಂದೆ ಸರಿಯುತ್ತದೆ. ಕಳೆದ ವರ್ಷದ ಹಾಳೆಯನ್ನೇ ಈ ವರ್ಷ ಅಂಟಿಸಿದರೆ ಅಲ್ಲಿಯೇ ಎಡವಟ್ಟು. ಕೊಯ್ಲಾದ ಅಡಿಕೆ ಅಂಗಳದಲ್ಲಿ ಒಣಗಿ ಅಂಗಡಿಗೆ ಬರಲು ಶುರುವಾದರೆ ಗೋಡೌನಿಗೆ ಪುರುಸೊತ್ತಿಲ್ಲ. ಲಾಡ್ಜಿಗೆ ಬೇಕಲ ಕೋಟೆ ನೋಡಲು ಬರುವವರು ಮಳೆ ನಿಂತ ಮೇಲೆ.

ಈಗ ಇದರ ಕೆಳಗೆ ಇನ್ನೊಂದು ಸಾಲು ಹಾಕಿ: ನಮ್ಮ ಜನ ಯಾವಾಗ ಬರುವುದಿಲ್ಲ? ಇದು ಯಾವ ಪಠ್ಯದಲ್ಲಿಯೂ ಇಲ್ಲ. ಮಳೆಗಾಲದ ಬಾಗಿಲಿನಲ್ಲಿ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ಮದ್ದು ಬಿಡುವ (ಸಿಂಪಡಿಸುವ) ದಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಯಾರೂ ಕೆಲಸಕ್ಕೆ ಸಿಗುವುದಿಲ್ಲ. ನಲುವತ್ತು ನಲುವತ್ತೈದು ದಿನ ಬಿಟ್ಟು ಎರಡನೇ ಸಲ ಬಿಡುವಾಗ ಮತ್ತೆ ಅದೇ ಕಥೆ. ಚಳಿಗಾಲದಿಂದ ಬೇಸಿಗೆಯವರೆಗೆ ದೈವಗಳ ಕಳಿಯಾಟ, ನೇಮ, ಉರೂಸ್, ಜಾತ್ರೆ. ಮೊದಲೆಲ್ಲ ನಮ್ಮಲ್ಲಿ ಇದಕ್ಕೆ ನೋಟಿಸ್ ಕೊಡುತ್ತಿದ್ದರು. ನೋಟಿಸ್ ಕೊಟ್ಟರೆ ಮಳೆ ನಿಲ್ಲುತ್ತದಾ? ತೋಟ ಕಾಯುತ್ತದಾ? ಈಗ ಮೇ ತಿಂಗಳಲ್ಲಿಯೇ ಕೇಳಿ ಬರೆದುಕೊಳ್ಳುತ್ತೇವೆ. ಅದೇ ವಾರಕ್ಕೆ ತೋಟ ಇಲ್ಲದವರನ್ನು ಪಾಳಿಗೆ ಹಾಕುತ್ತೇವೆ.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ ಇಲ್ಲ, ಜವಳಿ ತಣ್ಣಗೆ. ತರಬೇತಿಗೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಓಣಂಗೆ ಬೇಕಾದ ಹತ್ತು ಹೆಚ್ಚುವರಿ ಕೈಗಳನ್ನು ಆಟಿಯಲ್ಲಿಯೇ ಗೋಡೌನಿನಿಂದ, ಲಾಡ್ಜಿನಿಂದ ಕರೆಸಿ ಬಿಲ್ಲಿಂಗ್ ಕಲಿಸಿಬಿಡಿ. ಓಣಂ ಹೊತ್ತಿಗೆ ಏಜೆನ್ಸಿಯವರ ಹತ್ತಿರ ಜನ ಕೇಳುವ ಗೋಜಿಲ್ಲ.

ಬೋನಸ್ಸೂ ಇದೇ ಹಾಳೆಯಲ್ಲಿ ಬರುತ್ತದೆ. ಕಾನೂನಿನ ಪ್ರಕಾರ ಕನಿಷ್ಠ ಶೇ. 8.33, ಹೆಚ್ಚೆಂದರೆ ಶೇ. 20. ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಡಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30 ಗಡುವು. ಕೇರಳದಲ್ಲಿ ರೂಢಿ ಓಣಂಗೆ ಕೊಡುವುದು. ನಮ್ಮಲ್ಲಿ ಅರ್ಧ ಜನಕ್ಕೆ ದೀಪಾವಳಿಗೆ ಬೇಕು, ಇನ್ನು ಕೆಲವರಿಗೆ ಪೆರ್ನಾಲಿಗೆ. ಯಾವುದಕ್ಕೆ ಬೇಕು ಅಂತ ಅವರೇ ಬರೆದು ಕೊಡಲಿ. ಹಬ್ಬ ಮೊದಲೇ ಬಂದರೆ ಮುಂಗಡ ಅಂತ ಕೊಟ್ಟು ಆಮೇಲೆ ಬೋನಸ್ಸಿನಲ್ಲಿ ಕಳೆಯಿರಿ. ಧನಿಗಳಿಗೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಕೆಲಸದವರ ಮುಖ ನೋಡಬೇಕು ಆಗ.

ನಾಲ್ಕನೇದು: ಯಾವುದು ಒಂದೇ ಇರಬೇಕು, ಯಾವುದು ಬೇರೆ

ಹೊಸ ಎಚ್‌ಆರ್ ಮಾಡುವ ಮೊದಲ ತಪ್ಪು ಎಲ್ಲರಿಗೂ ಒಂದೇ ನಿಯಮದ ಪುಸ್ತಕ. ನಾನೂ ಮಾಡಿದೆ. ಒಂಬತ್ತೂವರೆಗೆ ಹಾಜರಿ ಅಂದರೆ ಜವಳಿಗೆ ಸರಿ, ಬೆಳಗ್ಗಿನ ಬಸ್ಸಿನ ಡ್ರೈವರಿಗೆ ಏನು ಅರ್ಥ? ಪಾಳಿ, ಇನ್ಸೆಂಟಿವ್, ಯೂನಿಫಾರಂ, ಊಟದ ಸಮಯ ಇದೆಲ್ಲ ಆಯಾ ವ್ಯಾಪಾರಕ್ಕೆ ಬಿಡಿ. ಕನಿಷ್ಠ ವೇತನವೂ ಒಂದೊಂದು ಕಸುಬಿಗೆ ಒಂದೊಂದು. ರಾಜ್ಯ ಬದಲಾದರೆ ಅದೂ ಬದಲು.

ಒಂದೇ ಇರಬೇಕಾದದ್ದು ಸಂಬಳದ ದಿನ, ದೂರು ಹೇಳುವ ದಾರಿ, ಕಾನೂನಿನಂತೆ ಕೊಡಬೇಕಾದದ್ದು.

ಕಾನೂನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ನಮ್ಮ ಅಂಗಡಿಯಲ್ಲಿ 14 ಜನ, ಪಿಎಫ್ ಬೇಡ" ಅನ್ನುವವರು ಇನ್ನೂ ಇದ್ದಾರೆ. ಮಿತಿ 20 ಜನ ಅನ್ನುವುದು ನಿಜ. ಆದರೆ ಒಂದೇ ಸಂಸ್ಥೆಯ ಎಲ್ಲ ವಿಭಾಗ, ಶಾಖೆಗಳನ್ನು ಸೇರಿಸಿ ಎಣಿಸುತ್ತಾರೆ. ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) 10 ಜನರಿಂದಲೇ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯ. ಕೆಲಸದವರ ಪಾಲು ಶೇ. 0.75, ಧನಿಗಳದ್ದು ಶೇ. 3.25. ಮಂಗಳೂರು ಶಾಖೆಗೆ ಯಾರನ್ನಾದರೂ ಕಳಿಸಿದರೆ ವೃತ್ತಿ ತೆರಿಗೆ ನೋಡಿ. ಕರ್ನಾಟಕದಲ್ಲಿ ತಿಂಗಳು ತಿಂಗಳು ರಾಜ್ಯಕ್ಕೆ, ಕೇರಳದಲ್ಲಿ ಆರು ತಿಂಗಳಿಗೊಮ್ಮೆ ಪಂಚಾಯತಿಗೋ ನಗರಸಭೆಗೋ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹಳೆಯ ನಮೂನೆ ಕಾಗದಗಳನ್ನು ಸುಮ್ನೆ ಫೋಟೊಕಾಪಿ ಮಾಡುತ್ತಾ ಕೂರಬೇಡಿ, ಸಲಹೆಗಾರರ ಹತ್ತಿರ ಒಮ್ಮೆ ಪೂರ್ತಿ ತೋರಿಸಿ.

ಗುಂಪಿಗೆ ನಿಜವಾಗಿ ಲಾಭ ಸಿಗುವ ಒಂದು ಜಾಗ ಹೇಳುತ್ತೇನೆ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಬೇಕು. ಅದಕ್ಕೆ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷೆ ಆಗಬೇಕು. ಬಸ್ಸಿನ ಆಫೀಸಿನಲ್ಲಿ ಅಂಥವರು ಎಲ್ಲಿ? ಟಿಕೆಟ್ ಲೆಕ್ಕ ನೋಡುವ ಒಬ್ಬ ಹುಡುಗಿ ಮಾತ್ರ. ಅದೇ ಧನಿಗಳ ಬೇರೆ ಕಚೇರಿಯಿಂದ ಅಧ್ಯಕ್ಷೆಯನ್ನು ನೇಮಿಸಬಹುದು ಅಂತ ಕಾನೂನೇ ಹೇಳುತ್ತದೆ. ಜವಳಿ ಅಂಗಡಿಯ ಫ್ಲೋರ್ ಮ್ಯಾನೇಜರ್ ಮೇಡಂ ಬಸ್ಸಿನ ಸಮಿತಿಗೂ ಅಧ್ಯಕ್ಷೆ ಆದರು. ಹೊರಗಿನ ಸದಸ್ಯರೂ ಎಲ್ಲ ಕಡೆಗೆ ಒಬ್ಬರೇ. ಆ ಹುಡುಗಿಗೆ ಈಗ ಬಸ್ಸಿನ ಮ್ಯಾನೇಜರನ್ನು ದಾಟಿ ಮಾತಾಡಲು ಒಬ್ಬರಿದ್ದಾರೆ.

ಇನ್ನೊಂದು ಸಣ್ಣದು. ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಬೇಕು ಅಂತ ಕೇರಳ 2018ರಲ್ಲಿ ಕಾನೂನು ತಿದ್ದಿತು. ನಮ್ಮಲ್ಲಿ ಸ್ಟೂಲ್ ಹಾಕಿದರು. ಕೂತರೆ ಮಾತ್ರ ಸೂಪರ್‌ವೈಸರ್ ಕಣ್ಣು ದೊಡ್ಡದು ಮಾಡುತ್ತಿದ್ದರು. ನಾನು ಸೂಪರ್‌ವೈಸರನ್ನೇ ಮೂರು ದಿನ ಸೀರೆ ಕೌಂಟರಿನಲ್ಲಿ ನಿಲ್ಲಿಸಿದೆ. ಆ ಮೇಲೆ ತಕರಾರು ಬರಲಿಲ್ಲ.

ಐದನೇದು: ಜನರನ್ನು ದಾಟಿಸುವುದು

ಟಾಟಾ ಗುಂಪಿನಲ್ಲಿ ಜೆ.ಆರ್.ಡಿ. ಟಾಟಾ ಇದಕ್ಕಾಗಿಯೇ ಒಂದು ಪಡೆ ಕಟ್ಟಿದರು, ಟಾಟಾ ಅಡ್ಮಿನಿಸ್ಟ್ರೇಟಿವ್ ಸರ್ವಿಸ್. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗಿ ಕೆಲಸ ಕಲಿತು, ಗುಂಪಿಗೇ ಸೇರಿದವರಾಗಿ ಬೆಳೆಯುವ ಜನ ಬೇಕು ಅಂತ. ಅದು ಶುರುವಾದದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ ಅದು. ದಾಟುವುದು ಎಷ್ಟು ಕಷ್ಟ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ದೊಡ್ಡ ತಪ್ಪು ಇಲ್ಲಿಯೇ ಆಯಿತು. ಜವಳಿ ಅಂಗಡಿಯ ಅತ್ಯುತ್ತಮ ಸೇಲ್ಸ್‌ಮನ್ನನ್ನು ಕಾಞಂಗಾಡಿನ ಲಾಡ್ಜಿಗೆ ರಿಸೆಪ್ಶನ್ ನೋಡಲು ಕಳಿಸಿದೆ. ಮಾತಿನ ಮಲ್ಲ, ಎಲ್ಲಿ ಹಾಕಿದರೂ ನಡೆಯುತ್ತದೆ ಅಂತ ನನ್ನ ಎಣಿಕೆ. ಮೊದಲನೆಯದಾಗಿ ಅವರ ಇನ್ಸೆಂಟಿವ್ ನಿಂತಿತು, ತಿಂಗಳ ಕೈಗೆ ಬರುವುದು ಕಮ್ಮಿಯಾಯಿತು. ಪೆರ್ಲದ ಮನೆಯಿಂದ ಬಸ್ಸು ಬದಲಿಸಿ ಹೋಗಬೇಕು. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ತುಳು ನಡೆಯುವುದು ಕಮ್ಮಿ, ಅವರ ಮಲಯಾಳ ಅಷ್ಟಕ್ಕಷ್ಟೆ. ಹತ್ತು ಜನರ ಮಧ್ಯೆ ಅರಳುವ ಮನುಷ್ಯ ರಾತ್ರಿ ಒಬ್ಬನೇ ಕೌಂಟರಿನಲ್ಲಿ ಕೂತು ಬಾಡಿದರು. ನಾಲ್ಕೇ ತಿಂಗಳು. ಎದುರಿನ ಜವಳಿ ಅಂಗಡಿಗೆ ಸೇರಿದರು, ತಮ್ಮ ಗಿರಾಕಿಗಳ ಜೊತೆ.

ಅದಾದ ಮೇಲೆ ಮಾಡಿಕೊಂಡ ಕಟ್ಟಳೆಗಳು ಇವು. ಹೋಗುವವರಿಗೆ ಮನಸ್ಸಿರಬೇಕು. ಮೂರು ತಿಂಗಳು ಪರೀಕ್ಷೆ, ಹಳೆ ಜಾಗ ಅಷ್ಟು ದಿನ ಅವರ ಹೆಸರಿನಲ್ಲೇ ಇರುತ್ತದೆ. ಕಳೆದ ಒಂದು ವರ್ಷದ ಸರಾಸರಿ ಇನ್ಸೆಂಟಿವ್ ಆರು ತಿಂಗಳು ಸಿಗುತ್ತದೆ. ಒಳ್ಳೆಯವರನ್ನು ಬಿಟ್ಟುಕೊಡುವ ಮ್ಯಾನೇಜರಿಗೂ ಏನಾದರೂ ಸಿಗಬೇಕು, ಇಲ್ಲದಿದ್ದರೆ ಅವರು ಸೋಮಾರಿಯನ್ನೇ ಹೊಗಳಿ ಕಳಿಸುತ್ತಾರೆ. ನಮ್ಮಲ್ಲಿ ಬದಲಿ ವ್ಯಕ್ತಿ ಬಂದ ಮೇಲೆಯೇ ಹಳಬರು ಹೊರಡುವುದು. ಜನರನ್ನು ಎರವಲು ಕೊಟ್ಟ ದಿನಗಳ ಸಂಬಳ ಎರವಲು ಪಡೆದ ವ್ಯಾಪಾರದ ಲೆಕ್ಕಕ್ಕೆ ಬೀಳುತ್ತದೆ.

ಕಾಗದವನ್ನೂ ಮರೆಯಬೇಡಿ. ಜವಳಿ ಒಂದು ಕಂಪನಿ, ಲಾಡ್ಜು ಇನ್ನೊಂದು ಪಾಲುದಾರಿಕೆ ಆಗಿದ್ದರೆ ವರ್ಗಾವಣೆ ಪತ್ರದಲ್ಲಿ "ಹಿಂದಿನ ಸೇವೆ ಮುಂದುವರಿದಿದೆ" ಎಂಬ ಸಾಲು ಬೇಕೇ ಬೇಕು. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಗ್ರಾಚ್ಯುಟಿ ಅದರ ಮೇಲೆ ನಿಂತಿದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಇರುವವರು ಎಂಟು ವರ್ಷ ದುಡಿದಿದ್ದರೆ, 18,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 8ರಿಂದ ಗುಣಿಸಿ. ಸುಮಾರು 83,000 ರೂಪಾಯಿ. ಆ ಒಂದು ಸಾಲು ಇಲ್ಲದಿದ್ದರೆ ಅಷ್ಟಕ್ಕೂ ಜಗಳ. ಪಿಎಫ್ ಸುಲಭ, ಒಬ್ಬರಿಗೆ ಒಂದೇ ಇರುವ ಯುಎಎನ್ ನಂಬರ್ ಎಲ್ಲಿ ಹೋದರೂ ಅದೇ ಇರುತ್ತದೆ.

ಭಾಷೆಯ ಬಗ್ಗೆ ಎರಡು ಮಾತು

ನೇಮಕ ಪತ್ರ ಇಂಗ್ಲಿಷಿನಲ್ಲಿ ಕೊಟ್ಟರೂ ಜೊತೆಗೆ ಕನ್ನಡ ಅಥವಾ ಮಲಯಾಳದಲ್ಲಿ ಒಂದು ಪುಟ ಇಡಿ: ಸಂಬಳ ಎಷ್ಟು, ಏನೆಲ್ಲ ಕಡಿತ, ರಜೆ ಎಷ್ಟು, ದೂರು ಯಾರಿಗೆ. ಮಿಲ್ಲಿನ ಯಂತ್ರದ ಎಚ್ಚರಿಕೆ ಫಲಕದಲ್ಲಿ ಎರಡೂ ಇರಲಿ. ಹೊರರಾಜ್ಯದವರು ಇದ್ದರೆ ಹಿಂದಿಯೂ ಇರಲಿ, ಚಿತ್ರವೂ ಇರಲಿ.

ಕೊನೆಗೆ, ರೂಪಾಯಿಯಲ್ಲಿ ಮಾತಾಡಿ

ಧನಿಗಳಿಗೆ "ನೌಕರರ ತೃಪ್ತಿ" ಅಂದರೆ ತಲೆ ಆಡಿಸುತ್ತಾರೆ, ಅಷ್ಟೆ. ಲೆಕ್ಕ ಇಡಿ. ಉದಾಹರಣೆಗೆ, 15,000 ಸಂಬಳದ ಒಬ್ಬ ಸೇಲ್ಸ್ ಹುಡುಗಿ ಬಿಟ್ಟು ಹೋದಳು ಅಂತಿಟ್ಟುಕೊಳ್ಳಿ. ಹೊಸಬಳು ಎರಡು ತಿಂಗಳು ಅರ್ಧ ಕೆಲಸ ಮಾಡುತ್ತಾಳೆ, ಅಲ್ಲಿ 15,000 ಹೋಯಿತು. ಕಲಿಸುವವರ ಸಮಯ, ಯೂನಿಫಾರಂ ಸೇರಿ ಇನ್ನೊಂದು 5,000. ಒಬ್ಬರಿಗೆ 20,000. ವರ್ಷಕ್ಕೆ 20 ಜನ ಬಿಟ್ಟರೆ ನಾಲ್ಕು ಲಕ್ಷ. 12ಕ್ಕೆ ಇಳಿಸಿದರೆ ಉಳಿದದ್ದು 1.6 ಲಕ್ಷ. ಈ ಭಾಷೆ ಅವರಿಗೆ ಅರ್ಥವಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಸ್ವಲ್ಪ ಧೈರ್ಯ ಬೇಕು. ಎಚ್‌ಆರ್ ವಿಭಾಗದ ಖರ್ಚನ್ನು ಸಾಮಾನ್ಯವಾಗಿ ತಲೆ ಲೆಕ್ಕದಲ್ಲಿ ಎಲ್ಲ ವ್ಯಾಪಾರಕ್ಕೂ ಹಂಚುತ್ತಾರೆ. ವರ್ಷಕ್ಕೊಮ್ಮೆ ಮ್ಯಾನೇಜರುಗಳನ್ನು ಕೂರಿಸಿ ಕೇಳಿ: ಇದು ಕಡ್ಡಾಯ ಅಲ್ಲದಿದ್ದರೆ ನೀವಾಗಿ ಎಷ್ಟು ಕೊಡುತ್ತೀರಿ? ಚೀಟಿಯಲ್ಲಿ ಬರೆದು ಕೊಡಲಿ. ಮೊದಲ ವರ್ಷ ಜವಳಿಯವರು ಪೂರ್ತಿ ಬರೆದರು. ಮಿಲ್ಲಿನವರು ಮುಕ್ಕಾಲು. ಬಸ್ಸಿನ ಮ್ಯಾನೇಜರು ಸೊನ್ನೆ ಬರೆದು ಎರಡು ಗೆರೆ ಎಳೆದಿದ್ದರು.

ಯಾಕೆ ಅಂತ ಕೇಳಿದೆ. "ನಿಮ್ಮ ಕ್ಯಾಲೆಂಡರ್ ಎಲ್ಲ ಚಂದ ಉಂಟು. ನನ್ನ ಡ್ರೈವರುಗಳಿಗೆ ಮಧ್ಯಾಹ್ನ ಎರಡು ಗಂಟೆ ಬಿಡುವು. ಒಂದು ಗಳಿಗೆ ಬೆನ್ನು ಹಾಕ್ಲಿಕ್ಕೆ ಜಾಗ ಇಲ್ಲ. ಸೀಟಿನಲ್ಲೇ ಮಲಗ್ತಾರೆ. ಅದಕ್ಕೇ ಬಿಟ್ಟು ಹೋಗುವುದು" ಅಂದರು. ಜವಳಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಹಳೆ ಪೆಟ್ಟಿಗೆ ತುಂಬಿದ ಒಂದು ಕೋಣೆ ಇತ್ತು. ಖಾಲಿ ಮಾಡಿಸಿ, ಲಾಡ್ಜಿನಿಂದ ಆರು ಹಳೆ ಮಂಚ, ಹಾಸಿಗೆ ತರಿಸಿ ಹಾಕಿದೆವು. ಎರಡು ಫ್ಯಾನ್ ಮಾತ್ರ ಹೊಸತು.

ಈ ವರ್ಷದ ಚೀಟಿಯಲ್ಲಿ ಅವರು ಅರ್ಧ ಬರೆದಿದ್ದಾರೆ. ಇನ್ನರ್ಧ ಬಾತ್‌ರೂಮಿಗೆ ನೀರು ಬಂದ ಮೇಲೆ ಅಂತೆ.